ಅರಸನ ಬೆವರು

ಗಂಗಾವತಿಯಿಂದ ಆನೆಗೊಂದಿಗೆ ಹೋಗಿ ತುಂಗಭದ್ರೆಯ ಉತ್ತರದ ದಡದಲ್ಲಿ ನಿಂತರೆ ಎದುರಿಗೆ ಹಂಪೆಯ ಬಂಡೆಗಳು. ಮುತ್ತುರತ್ನಗಳನ್ನು ಬೀದಿಯಲ್ಲಿ ಮಾರಿದ ಆ ನಗರದ ಕಥೆ ಯಾರಿಗೆ ತಿಳಿಯದು? ಆದರೆ ಆ ವೈಭವದ ಒಡೆಯ ಬೆಳಗಿನ ಜಾವ ಏನು ಮಾಡುತ್ತಿದ್ದನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನವೇ ಅರ್ಧ ಲೀಟರಿಗೆ ತುಸು ಕಡಿಮೆ ಎಳ್ಳೆಣ್ಣೆ ಕುಡಿಯುತ್ತಿದ್ದ. ಅದನ್ನೇ ಮೈಗೆಲ್ಲ ಬಳಿದುಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದ. ಅನಂತರ ಕತ್ತಿವರಸೆ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ. ಆಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ. ಅದೂ ಮುಗಿದ ಮೇಲೆ ಕುದುರೆಯೇರಿ, ಬೆಳಗಾಗುವವರೆಗೆ ಬಯಲಿನಲ್ಲಿ ಅತ್ತಿಂದಿತ್ತ ಓಟ. ಸ್ನಾನ, ಪೂಜೆ, ರಾಜಕಾರ್ಯಗಳೆಲ್ಲ ಇದರ ತರುವಾಯ.

ಕುಡಿದ ಎಣ್ಣೆ ಬೆವರಾಗಿ ಹೊರಬರುತ್ತದೆಂಬುದನ್ನು ಇಂದಿನ ವೈದ್ಯರು ಒಪ್ಪಲಾರರು. ನನಗೆ ಮುಖ್ಯವೆನಿಸುವುದು ಪಾಯೆಸ್ ಇದನ್ನು ಪ್ರತಿದಿನದ ರೂಢಿಯೆಂದು ಹೇಳಿರುವುದು. ಅವನು ಕಂಡ ಅರಸ ಚಿತ್ರಪಟದ ವೀರನಲ್ಲ. ನಡು ಎತ್ತರದವನು, ತೆಳ್ಳಗೆ ಎನ್ನುವುದಕ್ಕಿಂತ ದಪ್ಪಗೆ ಇದ್ದವನು, ಮುಖದಲ್ಲಿ ಸಿಡುಬಿನ ಕಲೆ. ಪಲ್ಲಕ್ಕಿ ಹೊರಲು ಎಷ್ಟು ಜನರನ್ನಾದರೂ ಅವನು ಇಟ್ಟುಕೊಳ್ಳಬಹುದಿತ್ತು. ತನ್ನ ಪರವಾಗಿ ಬೆವರಲು ಒಬ್ಬನನ್ನೂ ನೇಮಿಸುವಂತಿರಲಿಲ್ಲ.

ಈ ಶಿಸ್ತು ಅವನ ಕಾಲದಲ್ಲಿ ಹುಟ್ಟಿದ್ದಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಎದ್ದದ್ದು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅವನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಆಹಾರ, ಅಭ್ಯಾಸ, ಕಂಬದ ಸಾಧನೆಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಬಲವಂತರೂ ತಮ್ಮ ಶಕ್ತಿಯ ಅರ್ಧಕ್ಕೇ ವ್ಯಾಯಾಮವನ್ನು ನಿಲ್ಲಿಸಬೇಕೆಂದು ವಾಗ್ಭಟ ಅದಕ್ಕೂ ಹಿಂದೆಯೇ ಎಚ್ಚರಿಸಿದ್ದ. ನಿತ್ಯದ ಮಿತವಾದ ಶ್ರಮದಿಂದ ರಕ್ತದೊತ್ತಡ ತಗ್ಗುತ್ತದೆ, ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ ಎಂಬುದು ಇಂದು ಸಿದ್ಧವಾದ ಸಂಗತಿ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಬಿರುಸಾದ ನಡಿಗೆಯೂ ಆದೀತು. ಎಳ್ಳೆಣ್ಣೆ ಬೇಡ, ಜಟ್ಟಿಯೂ ಬೇಡ.

ಗರಡಿಮನೆಯ ದೈವ ಹನುಮಂತ. ಅವನು ಹುಟ್ಟಿದನೆಂದು ಜನ ನಂಬುವ ಅಂಜನಾದ್ರಿ ಆನೆಗೊಂದಿಯ ಬಳಿಯೇ ಇದೆ. ಗರಡಿಯ ಕೆಮ್ಮಣ್ಣು ಗಂಡಸರಿಗಷ್ಟೇ ಎಂದು ನಮ್ಮ ಊರುಗಳು ಬಹುಕಾಲ ತಿಳಿದವು. ಆದರೆ ಪಾಯೆಸನ ಸುಮಾರು ಹದಿನೈದು ವರ್ಷಗಳ ತರುವಾಯ ಬರೆದ ನೂನಿಜ್, ಅಚ್ಯುತರಾಯನ ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರೆಂದು ಹೇಳುತ್ತಾನೆ. ಜ್ಯೋತಿಷ್ಯ ಬಲ್ಲ ಹೆಂಗಸರು, ಅರಮನೆಯ ಲೆಕ್ಕ ಬರೆಯುವ ಹೆಂಗಸರು, ಇವರ ಸಾಲಿನಲ್ಲೇ ಅವರನ್ನೂ ಎಣಿಸಿದ್ದಾನೆ, ಯಾವ ಅಚ್ಚರಿಯನ್ನೂ ಸೂಚಿಸದೆ.