ಬೀರ್ ಬಿಲ್ಲಿಂಗ್‌ನಲ್ಲಿ ಪ್ಯಾರಾಗ್ಲೈಡಿಂಗ್: ಹೊರಡುವ ಮುನ್ನ ಈ ವಿಷಯಗಳು ತಿಳಿದಿರಲಿ

ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯ ಬೀರ್ ಬಿಲ್ಲಿಂಗ್ ದೇಶದ ಪ್ರಮುಖ ಪ್ಯಾರಾಗ್ಲೈಡಿಂಗ್ ತಾಣ. 2015ರ ಅಕ್ಟೋಬರ್‌ನಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ಸ್ಪರ್ಧೆ ನಡೆದದ್ದು ಇಲ್ಲಿಯೇ. ಹಾರಾಟ ಶುರುವಾಗುವುದು ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗ್‌ನಿಂದ. ಇಳಿಯುವುದು ಅದಕ್ಕಿಂತ ಸುಮಾರು ಸಾವಿರ ಮೀಟರ್ ಕೆಳಗಿರುವ ಬೀರ್‌ನ ಮೈದಾನದಲ್ಲಿ. ತರಬೇತಿ ಇಲ್ಲದ ಪ್ರವಾಸಿಗರು ಪೈಲಟ್ ಜೊತೆ ಟ್ಯಾಂಡೆಮ್ ಹಾರಾಟ ಮಾಡಬಹುದು. ಆದರೆ ಇಲ್ಲಿ ಪ್ರವಾಸಿಗರು ಪ್ರಾಣ ಕಳೆದುಕೊಂಡ ಘಟನೆಗಳೂ ಇವೆ. ಹಾಗಾಗಿ ದರಕ್ಕಿಂತ ಮೊದಲು ಹವಾಮಾನ ಮತ್ತು ಪೈಲಟ್ ಬಗ್ಗೆ ವಿಚಾರಿಸುವುದು ಒಳ್ಳೆಯದು.

ಯಾವಾಗ ಹೋಗಬೇಕು?

ಅಕ್ಟೋಬರ್ ಮತ್ತು ನವೆಂಬರ್ ಅತ್ಯುತ್ತಮ ಸಮಯ. ಮಳೆಗಾಲ ಮುಗಿದು ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಹದವಾಗಿರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೂ ಹಾರಾಟ ನಡೆಯುತ್ತದೆ, ಆದರೆ ಬೇಸಿಗೆಯಲ್ಲಿ ಗಾಳಿಯ ಏರಿಳಿತ ಹೆಚ್ಚು. ಮಳೆಗಾಲದಲ್ಲಿ, ಸಾಮಾನ್ಯವಾಗಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಸರ್ಕಾರವೇ ಪ್ಯಾರಾಗ್ಲೈಡಿಂಗ್ ನಿಷೇಧಿಸುತ್ತದೆ. ಆ ಸಮಯದಲ್ಲಿ ಯಾರಾದರೂ ಬುಕಿಂಗ್ ಪಡೆಯುತ್ತಿದ್ದರೆ ಅದೇ ಎಚ್ಚರಿಕೆಯ ಗಂಟೆ.

ತಲುಪುವುದು ಹೇಗೆ?

ದೆಹಲಿಯಿಂದ ಬೀರ್ ಸುಮಾರು 500 ಕಿ.ಮೀ. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ತಲುಪಬಹುದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್‌ನಿಂದ ಬರುವವರಿಗೆ ದೆಹಲಿಗೆ ಬಂದು ಮುಂದುವರಿಯುವುದೇ ಸುಲಭ. ರೈಲಿನಲ್ಲಾದರೆ ಪಠಾಣ್‌ಕೋಟ್‌ನಲ್ಲಿ ಇಳಿದು ಸುಮಾರು 140 ಕಿ.ಮೀ. ರಸ್ತೆ ಪ್ರಯಾಣ ಮಾಡಬೇಕು. ಹತ್ತಿರದ ವಿಮಾನ ನಿಲ್ದಾಣ ಕಾಂಗ್ರಾದ ಗಗ್ಗಲ್. ಬೀರ್‌ನಿಂದ ಬಿಲ್ಲಿಂಗ್‌ಗೆ ಸುಮಾರು 14 ಕಿ.ಮೀ. ಘಾಟಿ ರಸ್ತೆ ಇದ್ದು, ಸಾಮಾನ್ಯವಾಗಿ ಆಪರೇಟರ್‌ಗಳೇ ಜೀಪಿನಲ್ಲಿ ಕರೆದೊಯ್ಯುತ್ತಾರೆ.

ಒಂದು ದಿನ ಹೆಚ್ಚುವರಿಯಾಗಿ ಇರಲಿ

ಬಿಸಿಲಿಗೆ ಬೆಟ್ಟದ ಇಳಿಜಾರು ಕಾದಾಗ ಬೆಚ್ಚನೆಯ ಗಾಳಿ ಮೇಲೇರುತ್ತದೆ. ಇದಕ್ಕೆ ಥರ್ಮಲ್ ಎನ್ನುತ್ತಾರೆ. ಗ್ಲೈಡರ್ ಎತ್ತರಕ್ಕೇರುವುದು ಇದರ ಬಲದಿಂದಲೇ. ಅದೇ ಥರ್ಮಲ್ ಮಧ್ಯಾಹ್ನ ಜೋರಾದರೆ ಹಾರಾಟ ಕುಲುಕಾಡುತ್ತದೆ. ಹೀಗಾಗಿ ಮೊದಲ ಸಲ ಹಾರುವವರಿಗೆ ಬೆಳಗಿನ ಹೊತ್ತು ಹಿತಕರ. ಮೋಡ, ಮಳೆ ಅಥವಾ ಬಿರುಗಾಳಿ ಇದ್ದರೆ ಹಾರಾಟ ರದ್ದಾಗುತ್ತದೆ. ಶನಿವಾರ ಬಂದು ಭಾನುವಾರ ಮರಳುವ ಅವಸರದ ಯೋಜನೆಯಲ್ಲಿ ನಿರಾಸೆಯ ಸಾಧ್ಯತೆಯೇ ಹೆಚ್ಚು. ರದ್ದಾದರೆ ಹಣ ವಾಪಸ್ ಸಿಗುತ್ತದೆಯೇ ಎಂದು ಬುಕಿಂಗ್ ವೇಳೆಯೇ ಕೇಳಿ. ಬಿಡುವಿನ ದಿನ ಬೀರ್‌ನ ಟಿಬೆಟನ್ ಕಾಲೊನಿ, ಬೌದ್ಧ ಮಠಗಳನ್ನು ನೋಡಬಹುದು.

ಹಾರುವ ಮುನ್ನ ಪರಿಶೀಲಿಸಿ

* ಆಪರೇಟರ್ ಮತ್ತು ಪೈಲಟ್ ಇಬ್ಬರೂ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿತರೇ? ಟ್ಯಾಂಡೆಮ್ ಪೈಲಟ್ ಪರವಾನಗಿ ತೋರಿಸಲು ಕೇಳಿ.
* ಹೆಲ್ಮೆಟ್ ಮತ್ತು ತುರ್ತು ಬಳಕೆಯ ರಿಸರ್ವ್ ಪ್ಯಾರಾಚೂಟ್ ಇವೆಯೇ?
* ಎದೆಯ ಪಟ್ಟಿ ಮಾತ್ರವಲ್ಲ, ಎರಡೂ ತೊಡೆಗಳ ಪಟ್ಟಿಯೂ ಬಿಗಿಯಾಗಿದೆಯೇ? ತೊಡೆಯ ಪಟ್ಟಿ ಹಾಕದಿದ್ದರೆ ಹಾರ್ನೆಸ್‌ನಿಂದ ಜಾರಿ ಬೀಳುವ ಅಪಾಯವಿದೆ.
* ನಿಮ್ಮ ತೂಕವನ್ನು ಸರಿಯಾಗಿ ಹೇಳಿ. ಗ್ಲೈಡರ್ ಆಯ್ಕೆ ಅದನ್ನೇ ಅವಲಂಬಿಸಿದೆ.
* ಹೃದಯದ ತೊಂದರೆ, ಬೆನ್ನುನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರನ್ನು ಕೇಳದೆ ಹಾರಬೇಡಿ. ಗರ್ಭಿಣಿಯರು ಹಾರಲೇಬಾರದು.
* ಪ್ರವಾಸ ವಿಮೆ ಇದ್ದರೆ ಅದು ಸಾಹಸ ಕ್ರೀಡೆಗೆ ಅನ್ವಯಿಸುತ್ತದೆಯೇ ನೋಡಿ.

ಟೇಕಾಫ್ ವೇಳೆ

ಗಟ್ಟಿ ಶೂ, ಪೂರ್ಣ ಪ್ಯಾಂಟ್, ಬೆಚ್ಚನೆಯ ಜಾಕೆಟ್ ಧರಿಸಿ. ಪೈಲಟ್ ನಿಲ್ಲಿಸುವಂತೆ ಹೇಳುವವರೆಗೂ ಓಡುತ್ತಲೇ ಇರಿ. ಹೆದರಿ ನಡುವೆ ಕುಳಿತುಬಿಡುವುದು ಅಥವಾ ಜಿಗಿಯುವುದು ಅಪಾಯಕಾರಿ. ಎಲ್ಲ ಸಿದ್ಧತೆಯ ನಂತರವೂ ಪೈಲಟ್ 'ಇವತ್ತು ಬೇಡ' ಎಂದರೆ ಒತ್ತಾಯಿಸಬೇಡಿ. ಹಾಗೆ ಹೇಳಬಲ್ಲ ಪೈಲಟ್ ಜೊತೆ ಮರುದಿನ ಹಾರುವುದೇ ಸುರಕ್ಷಿತ.