ಎತ್ತಿಗೆ ಹುರುಳಿ, ನೆಗಡಿಗೆ ಕಟ್ಟು

ಅರಕಲಗೂಡು ಕಡೆ ಸೋನೆ ಮಳೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಸುದ್ದಿಗೆಂದು ಬೈಕಿನಲ್ಲಿ ಹೋಗಿ ನೆನೆದು ಬಂದರೆ ಮಾರನೇ ದಿನ ಮೂಗು ಕಟ್ಟಿ ಗಂಟಲು ಕೆರೆಯುವುದು ಖಾಯಂ. ಆಗ ನಮ್ಮ ಅಜ್ಜಿ ಕೇಳುತ್ತಿದ್ದುದು ಒಂದೇ ಮಾತು: "ಹುರುಳಿ ಕಟ್ಟಿನ ಸಾರು ಕಾಯಿಸ್ಕೊಡ್ಲೇನೋ ಮಗ?"

ಈಗ ಅಂಗಡಿಯಲ್ಲಿ ಸೂಪಿನ ಪ್ಯಾಕೆಟ್ ನೇತಾಡುತ್ತದೆ. ನಮ್ಮ ಕಟ್ಟಿನ ಸಾರು ಎಷ್ಟು ಹಳೆಯದು, ಮನೆಯಿಂದ ಯಾಕೆ ಮರೆಯಾಗುತ್ತಿದೆ ಎಂದು ನೋಡೋಣ.

ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಹೊಸ ಶಿಲಾಯುಗದ ಜನ ವಾಸವಿದ್ದ ಜಾಗದಲ್ಲಿ ಸುಟ್ಟು ಕರಕಲಾದ ಹುರುಳಿ ಕಾಳು ಸಿಕ್ಕಿವೆ. ಅಂದರೆ 3,000 ವರ್ಷಕ್ಕೂ ಹಿಂದಿನಿಂದ ಈ ನಾಡಿನವರು ಹುರುಳಿ ತಿನ್ನುತ್ತಿದ್ದಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ಬೆಳೆಗಳ ಬಗ್ಗೆ ಬರೆಯುವಾಗ ರಾಗಿಯ ಜೊತೆಗೆ ಹುರುಳಿಯನ್ನೂ ಹೇಳಿದ್ದಾನೆ. ಚನ್ನರಾಯಪಟ್ಟಣದಂಥ ಮಳೆ ಕಡಿಮೆಯ ಸೀಮೆಗೆ ಇದು ಆಪದ್ಬಂಧು. ಮುಂಗಾರು ಕೈಕೊಟ್ಟರೂ ಹಿಂಗಾರಿನಲ್ಲಿ ಚೆಲ್ಲಿದರೆ ಅಷ್ಟೋ ಇಷ್ಟೋ ಬರುತ್ತದೆ.

ಆದರೆ ಹುರುಳಿ ಬೇಯುತ್ತಿದ್ದುದು ಮೊದಲು ಎತ್ತಿಗೆ. ಉಳುಮೆ ದಿನಗಳಲ್ಲಿ ದೊಡ್ಡ ಮಡಕೆಯಲ್ಲಿ ಕಾಳು ಬೇಯಿಸಿ ಎತ್ತುಗಳಿಗೆ ಇಡುತ್ತಿದ್ದರು. ಬಸಿದ ನೀರೇ ಕಟ್ಟು. ಅದು ಅಡುಗೆಮನೆಗೆ ಬಂದು ಸಾರಾಗುತ್ತಿತ್ತು. ದುಡಿಯುವ ಎತ್ತಿಗೂ ಮಲಗಿದ ಮನುಷ್ಯನಿಗೂ ಒಂದೇ ಮಡಕೆ.

ಇನ್ನು ಖಾರದ ವಿಷಯ. ಒಣಮೆಣಸಿನಕಾಯಿ ಅಮೆರಿಕ ಖಂಡದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮುಂಚೆ ಖಾರ ಎಂದರೆ ಕರಿಮೆಣಸು. 'ಮೆಣಸಿನಕಾಯಿ' ಎಂಬ ಹೆಸರಿನಲ್ಲೇ ಹಳೆಯ ಮೆಣಸು ಕೂತಿದೆ. ದಿನದ ಸಾರಿಗೆ ಕಾಯಿ ಬಂದರೂ ನೆಗಡಿಯ ಸಾರು ಮಾತ್ರ ಮೆಣಸನ್ನು ಬಿಡಲಿಲ್ಲ. ಸಕಲೇಶಪುರದ ತೋಟದ ಮೆಣಸು, ಬಯಲುಸೀಮೆಯ ಹುರುಳಿ ಎರಡೂ ಸೇರುವುದು ಈ ಒಂದು ಲೋಟದಲ್ಲಿ. ಬ್ರಿಟಿಷರು ಸೀಮೆಗೆ ಕೊಂಡೊಯ್ದ 'ಮುಲಿಗಟಾನಿ' ಸೂಪು ಕೂಡ ತಮಿಳರ ಮಿಳಗು ತಣ್ಣೀರು, ಅಂದರೆ ಮೆಣಸಿನ ನೀರು.

ಮಾಡುವುದು ಸುಲಭ. ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಿ. ಬೆಳಿಗ್ಗೆ 5-6 ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಒಂದು ಚಮಚ ಮೆಣಸು, ಅರ್ಧ ಚಮಚ ಜೀರಿಗೆ, 6-7 ಎಸಳು ಬೆಳ್ಳುಳ್ಳಿ, ಚೂರು ಹುಣಸೆಹಣ್ಣು, ಎರಡು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ. ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ ಕುದಿಸಿ, ಸಾಸಿವೆ-ಕರಿಬೇವಿನ ಒಗ್ಗರಣೆ ಕೊಡಿ. ಕಾಳು ರುಬ್ಬಿ ಹಾಕುವುದನ್ನು ಮರೆಯಬೇಡಿ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅದರಲ್ಲಿ ಹೆಚ್ಚಿನದು ಉಳಿಯುವುದು ಕಾಳಿನಲ್ಲೇ. ಮಿಕ್ಕ ಕಾಳು ಪಲ್ಯಕ್ಕೆ.

ಇದು ನೆಗಡಿಗೆ ಔಷಧಿಯಲ್ಲ. ನೆಗಡಿ ತರುವುದು ವೈರಸ್, ಸಾಮಾನ್ಯವಾಗಿ ಅದು ತಾನಾಗೇ ಹೋಗುತ್ತದೆ. ಬಿಸಿ ಸಾರು ಗಂಟಲಿಗೆ ಹಿತ, ಕಟ್ಟಿದ ಮೂಗು ಸ್ವಲ್ಪ ಬಿಡುತ್ತದೆ, ಊಟ ಸೇರದವರ ಹೊಟ್ಟೆಗೂ ಏನಾದರೂ ಬೀಳುತ್ತದೆ. ಎಳೆ ಮಕ್ಕಳಿಗೆ ಇಷ್ಟು ಖಾರ ಬೇಡ. ಜ್ವರ ಮೂರು ದಿನ ದಾಟಿದರೆ ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟವಾದರೆ ಒಂದು ದಿನವೂ ಕಾಯಬೇಡಿ.

ಹೊಳೆನರಸೀಪುರದ ಹೊಳೆದಂಡೆಯ ಊರಿರಲಿ, ಹಾಸನದ ಸುತ್ತಲ ಹಳ್ಳಿಯಿರಲಿ, ಟ್ರ್ಯಾಕ್ಟರ್ ಬಂದ ಮೇಲೆ ಹಟ್ಟಿಯಲ್ಲಿ ಎತ್ತು ಅಪರೂಪ. ಎತ್ತಿಲ್ಲದ ಮನೆಯಲ್ಲಿ ಹುರುಳಿ ಮಡಕೆ ಒಲೆ ಏರುವುದಿಲ್ಲ. ನಾವು ಸಾರನ್ನು ಬೇಕೆಂದು ಬಿಟ್ಟವರಲ್ಲ. ಎತ್ತು ಮಾರಿದೆವು, ಅದರ ಹಿಂದೆಯೇ ಕಟ್ಟೂ ಹೋಯಿತು. ನಮ್ಮ ಅಜ್ಜಿ ಈಗಿಲ್ಲ. ಮೆಣಸು ಎಷ್ಟು ಹಾಕುತ್ತಿದ್ದರೆಂದು ನಾವು ಕೇಳಿಟ್ಟುಕೊಳ್ಳಲಿಲ್ಲ, ಮೇಲಿನ ಅಳತೆ ನಾವೇ ಮಾಡಿ ಮಾಡಿ ಕಂಡುಕೊಂಡದ್ದು. ನಿಮ್ಮ ಮನೆಯಲ್ಲಿ ಕೇಳಲು ಅಜ್ಜಿ ಇದ್ದರೆ ಇವತ್ತೇ ಕೇಳಿ.