ಫುಟ್‌ಬಾಲ್‌ನಲ್ಲಿ ವಯಸ್ಸು: ಓಟದ ವೇಗ ಮತ್ತು ಕಾಲ್ಚಳಕ

ಫುಟ್‌ಬಾಲ್ ಆಟಗಾರನ ಸಾಮರ್ಥ್ಯಗಳೆಲ್ಲ ಒಟ್ಟಿಗೆ ಮುಪ್ಪಾಗುವುದಿಲ್ಲ. ಮೊದಲು ಕುಂದುವುದು ದಿಢೀರನೆ ನುಗ್ಗುವ ವೇಗ. ಚೆಂಡಿನ ಮೇಲಿನ ಹಿಡಿತ, ಪಾಸ್ ಕೊಡುವ ಅಳತೆ, ಖಾಲಿ ಜಾಗ ಗುರುತಿಸುವ ಕಣ್ಣು ಬಹುಕಾಲ ಉಳಿಯುತ್ತವೆ. ಹಾಗಾಗಿ ಓಟವನ್ನೇ ನೆಚ್ಚಿದ ವಿಂಗರ್ 30ರ ಆಸುಪಾಸಿನಲ್ಲಿ ಹಿಂದೆ ಬೀಳತೊಡಗಿದರೂ ಮೈದಾನದ ನಡುವೆ ನಿಂತು ಆಟ ಕಟ್ಟುವವನು ಇನ್ನೂ ಕೆಲವು ವರ್ಷ ತಂಡಕ್ಕೆ ಬೇಕಾದವನಾಗಿಯೇ ಇರುತ್ತಾನೆ.

ಕಾರಣ ಸ್ನಾಯುವಿನಲ್ಲಿದೆ. ಬೇಗ ಸಂಕುಚಿಸುವ ಎಳೆಗಳು ಸ್ಫೋಟಕ ಓಟಕ್ಕೆ, ನಿಧಾನ ಸಂಕುಚಿಸುವವು ದೀರ್ಘ ಓಟಕ್ಕೆ ಒದಗುತ್ತವೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಮೊದಲನೆಯವು. ಫುಟ್‌ಬಾಲ್‌ನಲ್ಲಿ ಮೊದಲ ಐದು ಹತ್ತು ಮೀಟರ್‌ಗಳಲ್ಲಿ ಎದುರಾಳಿಗಿಂತ ಅರ್ಧ ಹೆಜ್ಜೆ ಮುಂದಿದ್ದರೆ ಸಾಕು. ಆದರೆ ವೇಗದ ಆಟಗಾರನ ಬಂಡವಾಳವೆಲ್ಲ ಆ ಅರ್ಧ ಹೆಜ್ಜೆಯೇ. ಒಂದು ನುಗ್ಗಾಟದ ಬಳಿಕ ಮತ್ತೊಂದಕ್ಕೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುವುದೂ ವಯಸ್ಸಾದ ಮೇಲೆಯೇ. ಜರ್ಮನಿಯ ಬುಂಡೆಸ್‌ಲೀಗಾ ಪಂದ್ಯಗಳ ವಿಶ್ಲೇಷಣೆಯಲ್ಲಿ 30 ದಾಟಿದವರ ವೇಗದ ಓಟಗಳು ಕಡಿಮೆಯಾಗಿದ್ದವು, ಗುರಿ ತಲುಪಿದ ಪಾಸ್‌ಗಳ ಪ್ರಮಾಣ ಮಾತ್ರ ಕಿರಿಯರಿಗಿಂತ ಹೆಚ್ಚಿತ್ತು.

ವೇಗಿಗಳನ್ನು ಕಾಡುವ ಗಾಯ ಹ್ಯಾಮ್‌ಸ್ಟ್ರಿಂಗ್‌ನದು. ತೊಡೆಯ ಹಿಂಭಾಗದ ಈ ಸ್ನಾಯು ಪೂರ್ಣ ವೇಗದಲ್ಲಿ ಓಡುವಾಗಲೇ ಹೆಚ್ಚಾಗಿ ಹರಿಯುತ್ತದೆ, ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಂಭವವೂ ಹೆಚ್ಚು. 1998ರ ವಿಶ್ವಕಪ್‌ನಲ್ಲಿ 18ರ ಹರೆಯದಲ್ಲಿ ಅರ್ಜೆಂಟೀನಾದ ರಕ್ಷಣೆಯನ್ನು ಸೀಳಿ ಗೋಲು ಹೊಡೆದ ಇಂಗ್ಲೆಂಡಿನ ಮೈಕೆಲ್ ಓವನ್‌ಗೆ ಮರುವರ್ಷವೇ ಆ ಗಾಯವಾಯಿತು. 2013ರಲ್ಲಿ, 33ಕ್ಕೆ, ಅವರು ಆಟ ನಿಲ್ಲಿಸಿದರು.

ಇದಕ್ಕೆ ವಿರುದ್ಧವಾಗಿ, ವೇಗ ಕುಂದಿದರೂ ಆಟ ಉಳಿಸಿಕೊಂಡವರಿಗೆ ಕರ್ನಾಟಕದವರ ಕಣ್ಣೆದುರೇ ಇರುವ ಉದಾಹರಣೆ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ. 1984ರಲ್ಲಿ ಹುಟ್ಟಿ, 2013ರಿಂದ ಈ ಕ್ಲಬ್‌ನ ಮುಖವೇ ಆದವರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅಂತರರಾಷ್ಟ್ರೀಯ ವಿದಾಯ ಹೇಳಿದಾಗ ಅವರ ಲೆಕ್ಕ 151 ಪಂದ್ಯ, 94 ಗೋಲು. ಅದೇ ವರ್ಷದ ಡಿಸೆಂಬರ್ 7ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದಾಗ ಅವರಿಗೆ 40 ತುಂಬಿ ನಾಲ್ಕು ತಿಂಗಳು. 2025ರ ಮಾರ್ಚ್‌ನಲ್ಲಿ ಭಾರತ ತಂಡಕ್ಕೆ ಮರಳಿ ಮಾಲ್ಡೀವ್ಸ್ ವಿರುದ್ಧ ತಲೆಯಿಂದ 95ನೆಯ ಗೋಲು ಹೊಡೆದರು. ಎತ್ತರದ ಆಳಲ್ಲ, ಚೆಂಡು ಎಲ್ಲಿ ಇಳಿಯುತ್ತದೆಂದು ಡಿಫೆಂಡರ್‌ಗಿಂತ ಒಂದು ಕ್ಷಣ ಮೊದಲೇ ತಿಳಿಯುವ ಆಳು. ಯುವಕನಾಗಿದ್ದಾಗ ಚುರುಕಾಗಿ ಓಡುತ್ತಿದ್ದವರು ನಂತರ ಕಡಿಮೆ ಓಡಿ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ತಲುಪುವುದನ್ನು ರೂಢಿಸಿಕೊಂಡರು. ಊಟ, ನಿದ್ರೆಗಳ ಶಿಸ್ತೂ ಅದಕ್ಕೆ ಆಸರೆಯಾಯಿತು.

ಅವರಿಗಿಂತ ಬಹಳ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನ್ (1926–2017) ಕಾಲ್ಚಳಕಕ್ಕೇ ಹೆಸರಾದವರು. 1948 ಮತ್ತು 1952ರ ಒಲಿಂಪಿಕ್ಸ್ ಆಡಿದರು. ಈಸ್ಟ್ ಬೆಂಗಾಲ್ ಕ್ಲಬ್‌ನ ಐವರ ಪ್ರಸಿದ್ಧ ‘ಪಂಚಪಾಂಡವ’ ಮುನ್ಪಡೆಯಲ್ಲಿ ಒಬ್ಬರಾಗಿ, 1950ರ ದಶಕದ ಕೊನೆಯವರೆಗೂ ಆ ಕ್ಲಬ್‌ಗೆ ಆಡಿದರು.



ಆದರೂ ಆಟಗಾರರನ್ನು ವೇಗಿ, ಕುಶಲಿ ಎಂದು ಎರಡು ಸಾಲಿನಲ್ಲಿ ನಿಲ್ಲಿಸುವುದು ಪೂರ್ತಿ ಸರಿಯಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ವೇಗದ ವಿಂಗರ್ ರಯಾನ್ ಗಿಗ್ಸ್ ವಯಸ್ಸಾದ ಮೇಲೆ ಮಿಡ್‌ಫೀಲ್ಡ್‌ಗೆ ಸರಿದು 40ರವರೆಗೆ ಆಡಿದರು. ವೇಗವಿದ್ದಾಗಲೇ ಎಡಗಾಲಿನ ನಯವೂ ಇದ್ದದ್ದರಿಂದ ಅದು ಸಾಧ್ಯವಾಯಿತು. ಎಳೆಯರ ಆಯ್ಕೆಯಲ್ಲಿ ಬೇಗ ಬೆಳೆದ, ಬೇಗ ಓಡುವ ಹುಡುಗರಿಗೇ ಮಣೆ ಹಾಕುವ ತರಬೇತುದಾರರು ಅವರ ಮುಂದಿನ ಹತ್ತು ವರ್ಷವನ್ನು ಕಸಿಯುತ್ತಾರೆ, ಏಕೆಂದರೆ ಓಟದಲ್ಲೇ ಗೆಲ್ಲುವವನಿಗೆ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹಿಡಿತಕ್ಕೆ ತರುವುದನ್ನು ಕಲಿಯುವ ಅಗತ್ಯವೇ ಕಾಣುವುದಿಲ್ಲ. ಕೌಶಲಕ್ಕೂ ಮಿತಿಯುಂಟು: ಚೆಂಡು ಸಿಕ್ಕೊಡನೆ ಮೂವರು ಮೇಲೆರಗುವ ಇಂದಿನ ಪ್ರೆಸ್ಸಿಂಗ್ ಆಟದಲ್ಲಿ ಕಾಲು ಪೂರ್ತಿ ಸೋತವನಿಗೆ ಪಾಸ್ ನೋಡುವಷ್ಟೂ ಸಮಯ ಸಿಗದು.

ವಿಂಗರ್‌ಗಳು 30ರ ಸುಮಾರಿಗೆ ಹಿಂದೆ ಬೀಳುತ್ತಾರೆಂಬುದಕ್ಕೆ ಅಪವಾದವೆಂದರೆ ಸ್ಟ್ಯಾನ್ಲಿ ಮ್ಯಾಥ್ಯೂಸ್. ಈ ವಿಂಗರ್ ಸ್ಟೋಕ್ ಸಿಟಿ ಪರ ಇಂಗ್ಲೆಂಡಿನ ಉನ್ನತ ಲೀಗ್‌ನಲ್ಲಿ ಕೊನೆಯ ಪಂದ್ಯ ಆಡಿದ್ದು 1965ರ ಫೆಬ್ರವರಿ 6ರಂದು, 50 ತುಂಬಿದ ಐದು ದಿನಕ್ಕೆ.